ಫಣಿಯ ಪುಟ

ಹಿಮಬಿಂದುವಿನ ತಂದೆ ಬಾಲಚಂದ್ರ ಅವರಿಗೆ ನಕಲು ಕಂಡರೆ ಆಗುತ್ತಿರಲಿಲ್ಲ. ಮಧುಗಿರಿ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದು, ಹಡಗು ಕಟ್ಟುವ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂವತ್ತನಾಲ್ಕು ವರ್ಷ ಸ್ಟೂಲಿನ ಮೇಲೆ ಕೂತು ಗೆರೆ ಎಳೆದವರು ಅವರು. ಅಲ್ಲಿಯ ಕಟ್ಟಳೆಯೆಂದರೆ, ಮೂಲ ನಕ್ಷೆ ಒಂದೇ ಇರಬೇಕು, ಅದು ಬೀರು ಬಿಟ್ಟು ಕದಲಬಾರದು. ಹೊರಗೆ ಹೋಗುವ ಕಾಗದದಲ್ಲಿ ಅದು ಯಾವ ಬೀರುವಿನ ಯಾವ ಖಾನೆಯಲ್ಲಿದೆ ಎಂದು ಬರೆದರೆ ಸಾಕು. ಎರಡು ಪ್ರತಿ ಇಟ್ಟರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆತು, ಕೊನೆಗೆ ಹಡಗಿನ ಬಾಗಿಲು ಗೋಡೆಗೆ ಬಂದು ಕೂರುತ್ತದೆ ಎಂದು ಅವರು ಮನೆಯಲ್ಲೂ ಪಾಠ ಹೇಳುತ್ತಿದ್ದರು. ಇಂಥ ಮನುಷ್ಯ ರಿಟೈರಾದ ಮೇಲೆ ವೆಬ್‌ಸೈಟ್ ಮಾಡಲು ಕೂತರೆ ಏನಾಗಬೇಕೋ ಅದೇ ಆಯಿತು. ಏನಾಯಿತು ಎಂಬುದು ಮಾತ್ರ ಅವರಿಗೆ ಹನ್ನೆರಡು ವರ್ಷ ಗೊತ್ತಾಗಲಿಲ್ಲ.

ಐವತ್ತೆಂಟನೆಯ ವಯಸ್ಸಿನಲ್ಲಿ ಅವರು ದ್ವಾರಕಾನಗರದ ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಮೀಸೆ ಮೂಡದ ಹುಡುಗರ ಪಕ್ಕದಲ್ಲಿ ಕೂತು ಪುಟ ಕಟ್ಟುವ ಒಂದು ಸಾಫ್ಟ್‌ವೇರ್ ಕಲಿತರು. ಕಂಪ್ಯೂಟರಿನಲ್ಲೇ ಪುಟ ಮಾಡಿ, 'ಪಬ್ಲಿಷ್' ಒತ್ತಿದರೆ ಅದು ಇಂಟರ್‌ನೆಟ್ಟಿಗೆ ಹೋಗುತ್ತದೆ. ಮೌಸಿನಿಂದ ಎಳೆದು ಎಲ್ಲಿಟ್ಟರೆ ಅಲ್ಲೇ, ಕೂದಲೆಳೆಯಷ್ಟೂ ಸರಿಯದೆ ನಿಲ್ಲುವ ಪುಟಗಳು; ಡ್ರಾಫ್ಟ್ಸ್‌ಮನ್‌ಗೆ ಇನ್ನೇನು ಬೇಕು? ಮಧುಗಿರಿಯ ತಮ್ಮ ಮನೆತನ, ಅನಕಾಪಲ್ಲಿಯ ಹೆಂಡತಿಯ ಮನೆತನ, ಎರಡನ್ನೂ ಸೇರಿಸಿ 'ನಮ್ಮ ವಂಶ' ಎಂಬ ಸೈಟು ಕಟ್ಟಿದರು. ಮೂವತ್ತನಾಲ್ಕು ಪುಟ. ಯಾರ ಮಗ ಯಾರು ಎಂದು ತೋರಿಸುವ ಗೆರೆಗಳು, ಸ್ಕ್ಯಾನ್ ಮಾಡಿಸಿದ ಪ್ರತಿಯೊಬ್ಬರ ಫೋಟೋ, ಫೋಟೋದ ಕೆಳಗೆ ಬಾಲಚಂದ್ರರೇ ಬರೆದ ಎರಡು ಮೂರು ಸಾಲು.

ಅದರಲ್ಲಿ ಹದಿನೇಳನೆಯ ಪುಟ ಫಣಿಯದು. ಫಣಿ ಅವರ ಚೊಚ್ಚಲ ಮಗ. ಹಿಮಬಿಂದು ಹುಟ್ಟುವ ಹಿಂದಿನ ವರ್ಷ, ಐದು ತುಂಬಿದ ಹುಡುಗ, ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟ. ಅವನದೆಂದು ಉಳಿದದ್ದು ಅನಕಾಪಲ್ಲಿಯ ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೋ. ಹೋದ ಮಗುವಿನ ಫೋಟೋ ಗೋಡೆಗೆ ಹಾಕಬಾರದು ಎಂದು ತಾಯಿ ಸೀತಾಮಹಾಲಕ್ಷ್ಮಿಯ ಮನೆಯವರು ಹೇಳಿದ್ದರಿಂದ ಅದು ಆಲ್ಬಮ್ಮಿನೊಳಗೇ ಇತ್ತು. ಆಕೆ ಬೀರು ಒರೆಸುವ ನೆಪದಲ್ಲಿ ತೆಗೆದು ನೋಡಿ ಮತ್ತೆ ಒಳಗಿಡುತ್ತಿದ್ದರು.

ಎರಡು ಸಾವಿರದ ಹದಿನಾಲ್ಕರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತ ಬಂತು. ಕಿಟಕಿಯ ಗಾಜು ಒಡೆದು, ಬೀರು ಮಗುಚಿ, ಇಡೀ ಹಗಲು ಮಳೆ ಮನೆಯೊಳಗೇ ಸುರಿಯಿತು. ನೀರು ಬಳಿದು ಮುಗಿಸುವಷ್ಟರಲ್ಲಿ ಆಲ್ಬಮ್ಮುಗಳು ಮುದ್ದೆಯಾಗಿದ್ದವು. ಸೀತಾಮಹಾಲಕ್ಷ್ಮಿ ಆ ಮುದ್ದೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಆಗ ಬಾಲಚಂದ್ರ ಪಕ್ಕದಲ್ಲಿ ಕೂತು, "ಅಳಬೇಡ ಸೀತಾ. ಕಂಪ್ಯೂಟರ್ ಒಳಗಿನ ರೂಮಲ್ಲಿತ್ತು, ಏನೂ ಆಗಿಲ್ಲ. ಫಣಿ ವೆಬ್ಬಲ್ಲಿದಾನೆ. ವೆಬ್ಬಿಗೆ ಯಾವ ತುಫಾನು ಬಂದೀತು?" ಎಂದರು. ಒಂಬತ್ತು ದಿನ ಬಿಟ್ಟು ಕರೆಂಟು ಬಂದಾಗ ಮೊದಲು ಮಾಡಿದ ಕೆಲಸ, ಹೆಂಡತಿಯನ್ನು ಕರೆದು ಹದಿನೇಳನೆಯ ಪುಟ ತೋರಿಸಿದ್ದು. ಆಮೇಲೆ ಆಕೆ ಕೇಳಿದಾಗಲೆಲ್ಲ ತೋರಿಸುತ್ತಿದ್ದರು.

ಹಿಮಬಿಂದು ಇದ್ದದ್ದು ವಿಜಯವಾಡದಲ್ಲಿ. ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೆಲಸ. ಕಾಲೇಜಿನ ವೆಬ್‌ಸೈಟಿನ ಉಸ್ತುವಾರಿಯೂ ಅವಳದೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅಪ್ಪನ ಸೈಟು ಅವಳಿಗೆ ಹಾಗೆ. ಅಪ್ಪನನ್ನು ಅವಳು ತೆಲುಗಿನಲ್ಲೇ ನಾನ್ನಾ ಎನ್ನುತ್ತಿದ್ದಳು. ಭಾನುವಾರ ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆಯೇ ಅದು.

"ಈ ವಾರ ಎರಡು ಪುಟ ತಿದ್ದಿದೀನಿ ಕಂದಾ. ನೋಡ್ದಾ?"

"ನೋಡ್ದೆ ನಾನ್ನಾ. ಚಾಲಾ ಬಾಗುಂದಿ."

"ಕನ್ನಡದಲ್ಲಿ ಹೇಳಮ್ಮ."

"ತುಂಬಾ ಚೆನ್ನಾಗಿದೆ, ನಾನ್ನಾ."

ಅವಳು ನೋಡಿರಲಿಲ್ಲ. ಕನ್ನಡ ಅವಳಿಗೆ ಮಾತಿಗೆ ಸರಿ, ಓದಬೇಕೆಂದರೆ ಅಕ್ಷರ ಅಕ್ಷರವಾಗಿ ಕೂಡಿಸಬೇಕು. ಊರಿಗೆ ಹೋದಾಗ ಅಪ್ಪ ತಮ್ಮ ಕಂಪ್ಯೂಟರಿನಲ್ಲೇ ತೋರಿಸುತ್ತಾರೆ, ಅದನ್ನೇ ನೋಡಿದ್ದು ಎಂದುಕೊಂಡರಾಯಿತು, ಸುಳ್ಳೇನೂ ಅಲ್ಲವಲ್ಲ ಎಂದು ಅವಳ ಲೆಕ್ಕ. ಒಳ್ಳೆಯ ಮಕ್ಕಳೂ ಅಪ್ಪಂದಿರಿಗೆ ಇಂಥ ಎಷ್ಟೋ ಮಾತು ಹೇಳುತ್ತಾರೆ. ಹಿಮಬಿಂದು ಕೆಟ್ಟ ಮಗಳೇನೂ ಆಗಿರಲಿಲ್ಲ.

ಸಕ್ಕರೆ ಕಾಯಿಲೆ ಬಾಲಚಂದ್ರರ ಕಣ್ಣಿಗೆ ಇಳಿಯಿತು. ಎರಡು ಸಾವಿರದ ಹದಿನೇಳರ ಕೊನೆಯ ಹೊತ್ತಿಗೆ ಅವರಿಗೆ ಎದುರಿಗಿರುವವರ ಆಕಾರ ತಿಳಿಯುತ್ತಿತ್ತು, ಅಕ್ಷರ ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿ ಸುಮ್ಮನಾದರು. ಮರುವರ್ಷ ಸಂಕ್ರಾಂತಿಗೆ ಬಂದ ಹಿಮಬಿಂದು ಟವೆಲ್ ಕೊಡವಿ, ಧೂಳಿಗೆ ಸೀನಿ, ಇದನ್ನು ಅಂಗಡಿಗೆ ಕೊಟ್ಟು ಎಕ್ಸ್‌ಚೇಂಜಿನಲ್ಲಿ ಅಮ್ಮನಿಗೆ ಒಂದು ಟ್ಯಾಬ್ ತರೋಣ, ವಿಡಿಯೋ ಕಾಲ್ ಮಾಡಬಹುದು ಎಂದಳು. ಬಾಲಚಂದ್ರ ಒಪ್ಪಿದರು. ಆದರೆ, ಒಳಗಿರುವುದೆಲ್ಲ ಜೋಪಾನವಾಗಿದೆಯೇ ಎಂದು ಮೂರು ಸಲ ಕೇಳಿದರು.

"ಎಲ್ಲಾ ಸರ್ವರಲ್ಲಿದೆ ನಾನ್ನಾ. ಈ ಡಬ್ಬ ಇದ್ರೂ ಒಂದೇ, ಹೋದ್ರೂ ಒಂದೇ."

ಅಂಗಡಿಯವನು ಡಿಸ್ಕ್ ಅಳಿಸಲೇ ಮೇಡಂ ಎಂದು ಕೇಳಿದಾಗ, ಪೂರ್ತಿ ಅಳಿಸಿಬಿಡಿ, ಮನೆಯ ವಿಷಯ ಯಾರ ಕೈಗೂ ಸಿಗಬಾರದು ಎಂದು ಹೇಳಿದವಳೂ ಅವಳೇ.

ಒಂದು ವರ್ಷ ಕಳೆಯಿತು. ಸೀತಾಮಹಾಲಕ್ಷ್ಮಿಗೆ ಟ್ಯಾಬಿನಲ್ಲಿ ಬಂದ ಕಾಲ್ ಎತ್ತುವುದು ಗೊತ್ತಿತ್ತು, ಸೈಟು ಹುಡುಕಿ ತೆರೆಯುವುದು ಗೊತ್ತಿರಲಿಲ್ಲ. ಹತ್ತೊಂಬತ್ತರ ಜನವರಿಯಲ್ಲಿ, ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಯಿಂದ ಮೇಲ್ ಬಂತು. ಹಳೆಯ ಬಗೆಯ ಪುಟಗಳನ್ನು ಮಾರ್ಚ್ ಕೊನೆಗೆ ನಿಲ್ಲಿಸುತ್ತೇವೆ, ನಮ್ಮದೇ ಹೊಸ ಸೈಟ್ ಬಿಲ್ಡರ್‌ಗೆ ಬದಲಾಯಿಸಿಕೊಳ್ಳಿ ಎಂದು. ಮಗಳು ಅದನ್ನು ಓದಿ ಹೇಳಿದಾಗ ಬಾಲಚಂದ್ರ ಗಾಬರಿಯಾದರು. ಹಿಮಬಿಂದು, "ನಾನಿದೀನಲ್ಲ ನಾನ್ನಾ, ನಾಲ್ಕು ಭಾನುವಾರದ ಕೆಲಸ" ಎಂದು ಧೈರ್ಯ ಹೇಳಿದಳು. ಅವಳಿಗೂ ಒಳಗೊಳಗೇ ಖುಷಿಯಾಯಿತು. ಅಪ್ಪನಿಗಾಗಿ ತನ್ನ ವಿದ್ಯೆಯಿಂದ ಮಾಡುವ ಮೊದಲ ಕೆಲಸ ಇದು ಎನ್ನಿಸಿತು.

ಮೊದಲ ಭಾನುವಾರ ಅಕ್ಷರಗಳೇ ಕೈಕೊಟ್ಟವು. ಅವರು ಬಳಸಿದ್ದು ಹಳೆಯ ಕಾಲದ ಕನ್ನಡ ಫಾಂಟು. ಸರ್ವರಿನ ಫೈಲುಗಳಿಂದ ಬರಹವನ್ನಷ್ಟೇ ತೆಗೆದು ಹೊಸ ಬಿಲ್ಡರ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂತು. ಒಂದೊಂದು ಪುಟವನ್ನೂ ಪರಿವರ್ತಿಸಿ, ತಪ್ಪುಗಳನ್ನು ತಿದ್ದಬೇಕಾಯಿತು. ತಿದ್ದಬೇಕೆಂದರೆ ಓದಬೇಕು. ಹಾಗೆ ಅವಳು ಅಪ್ಪ ಬರೆದದ್ದನ್ನು ಮೊಟ್ಟಮೊದಲ ಸಲ ಓದಿದಳು. 'ನಮ್ಮ ಅಜ್ಜಿ. ಈಕೆಗೆ ಫೋಟೋ ಎಂದರೆ ಆಯುಷ್ಯ ಕಡಿಮೆಯಾಗುತ್ತದೆಂಬ ಭಯ. ತೆಗೆಸಿದ ಮೇಲೂ ಇಪ್ಪತ್ತಾರು ವರ್ಷ ಬದುಕಿದ್ದಳು.' ಅವಳು ಒಬ್ಬಳೇ ನಕ್ಕಳು. ಅಪ್ಪ ಇಷ್ಟು ಚೆನ್ನಾಗಿ ಬರೆಯುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಎರಡನೆಯ ಭಾನುವಾರ ಗೆರೆಗಳ ಗತಿ ಕೆಟ್ಟಿತು. ಬಿಲ್ಡರಿನಲ್ಲಿ ಅಡ್ಡ ಸಾಲು, ಉದ್ದ ಸಾಲು, ಅಷ್ಟೇ. ಬೇಕಾದಲ್ಲಿ ಇಡುವ ಹಾಗಿಲ್ಲ. ಬಾಲಚಂದ್ರ ಅಳತೆಪಟ್ಟಿ ಹಿಡಿದಂತೆ ಕೂರಿಸಿದ್ದ ವಂಶವೃಕ್ಷ ಫೋನಿನಲ್ಲಿ ತೆರೆದರೆ ರೇಷನ್ ಅಂಗಡಿಯ ಕ್ಯೂ ಆಯಿತು. ತಾತನ ಹಿಂದೆ ಮೊಮ್ಮಗ, ಅವನ ಹಿಂದೆ ತಾತನ ತಂಗಿ. ಕೊನೆಗೆ ವೃಕ್ಷವನ್ನು ಕೈಬಿಟ್ಟು, ಒಬ್ಬೊಬ್ಬರಿಗೆ ಒಂದೊಂದು ಪುಟ ಎಂದು ನಿರ್ಧರಿಸಿದಳು. ಇನ್ನು ಫೋಟೋಗಳನ್ನು ಇಳಿಸಿಕೊಂಡು ಏರಿಸಿದರೆ ಮುಗಿಯಿತು.

ಮೂರನೆಯ ಭಾನುವಾರ ಹಳೆಯ ಸರ್ವರಿನ ಚಿತ್ರಗಳ ಫೋಲ್ಡರ್ ತೆರೆದಳು. ಅದರಲ್ಲಿ ಒಂದು ತಾವರೆಯ ಅಂಚು, ಎರಡು ಬಾಣದ ಗುರುತು, ಒಂದು ಹಿನ್ನೆಲೆಯ ಬಣ್ಣ ಇದ್ದವು. ಬೇರೆ ಏನೂ ಇರಲಿಲ್ಲ. ಸೈಟನ್ನೇ ತೆರೆದು ನೋಡಿದಳು. ಫೋಟೋ ಇರಬೇಕಾದ ಕಡೆಯೆಲ್ಲ ಖಾಲಿ ಚೌಕ, ಅದರ ಮೂಲೆಯಲ್ಲಿ ಒಂದು ಸಣ್ಣ ಗುರುತು. ಕೆಳಗೆ ಅಪ್ಪನ ಸಾಲುಗಳು. ಪುಟದ ಕೋಡ್ ತೆಗೆದು ನೋಡಿದಾಗ ಪ್ರತಿ ಫೋಟೋದ ಜಾಗದಲ್ಲೂ ಡಿ ಡ್ರೈವ್, ಫೋಟೋಸ್, ಇಂಥ ಹೆಸರು ಎಂದಿತ್ತು. ಅದು ಅಪ್ಪನ ಕಂಪ್ಯೂಟರಿನೊಳಗಿನ ವಿಳಾಸ.

ಕೆಲಸ ಗೊತ್ತಿದ್ದವಳಾದ್ದರಿಂದ ಅವಳಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಯಿತು. ಫೋಟೋ ಸೇರಿಸುವಾಗಲೆಲ್ಲ ಆ ಸಾಫ್ಟ್‌ವೇರ್ ಕೇಳುತ್ತದೆ, ಇದು ಸೈಟಿನ ಫೋಲ್ಡರಿನ ಹೊರಗಿದೆ, ಒಳಗೊಂದು ಪ್ರತಿ ಮಾಡಲೇ ಎಂದು. ಬಾಲಚಂದ್ರ ಪ್ರತಿ ಸಲವೂ ಬೇಡ ಎಂದಿದ್ದಾರೆ. ಮೂಲ ಒಂದೇ ಇರಬೇಕು, ಎಲ್ಲಿದೆ ಎಂದು ಬರೆದರೆ ಸಾಕು. ಮನೆಯ ಬೀರುವಿನೊಳಗಿಟ್ಟ ವಸ್ತುವಿನ ಗುರುತು ಹೇಳಿ ಊರಿಗೆಲ್ಲ ಚೀಟಿ ಹಂಚಿದ ಹಾಗೆ. ಅವರು ಸೈಟು ನೋಡುತ್ತಿದ್ದದ್ದು ಅದೇ ಕಂಪ್ಯೂಟರಿನಲ್ಲಿ, ಅದೇ ಸಾಫ್ಟ್‌ವೇರಿನೊಳಗೆ. ಅಲ್ಲಿ ಎಲ್ಲ ಫೋಟೋಗಳೂ ನಗುತ್ತಿದ್ದವು. ಹೊರಗಿನಿಂದ ನೋಡಿದವರಿಗೆ ಹನ್ನೆರಡು ವರ್ಷವೂ ಖಾಲಿ ಚೌಕ.

ತುಮಕೂರಿನಲ್ಲಿದ್ದ ಚಿಕ್ಕಪ್ಪನ ಮಗಳು ಹರ್ಷಿತಾಗೆ ಫೋನ್ ಮಾಡಿದಳು. ಹದಿನೇಳನೆಯ ಪುಟದ ಫೋಟೋ ಯಾವತ್ತಾದರೂ ಇಳಿಸಿಕೊಂಡಿದ್ದೀಯಾ ಎಂದು ಕೇಳಿದಳು.

"ಫೋಟೋ ಎಲ್ಲಿತ್ತಕ್ಕಾ? ನಮಗೆ ಬರೀ ಡಬ್ಬಿ ಡಬ್ಬಿ ಕಾಣ್ತಿತ್ತು."

"ಮತ್ತೆ ನಾನ್ನಗೆ ಯಾಕೆ ಹೇಳ್ಲಿಲ್ಲ?"

"ದೊಡ್ಡಪ್ಪ ಪ್ರತಿ ಯುಗಾದಿಗೆ ಫೋನ್ ಮಾಡಿ, ನೋಡ್ದ್ರಾ ಅಂತ ಅಷ್ಟು ಆಸೆಯಿಂದ ಕೇಳೋರು. ಅಂಥವರಿಗೆ ಏನೂ ಕಾಣ್ತಿಲ್ಲ ಅಂತ ಹೇಗಕ್ಕಾ ಹೇಳೋದು? ನಮ್ಮ ಕಂಪ್ಯೂಟರೇ ಸರಿಯಿಲ್ವೇನೋ ಅಂದ್ಕೊಂಡ್ವಿ. ಸೂಪರಾಗಿದೆ ದೊಡ್ಡಪ್ಪ ಅಂದ್ಬಿಡ್ತಿದ್ವಿ." ಹರ್ಷಿತಾ ಕೇಳಿದಳು, "ಅಲ್ಲಾ, ನಿನಗೆ ಕಾಣ್ತಿತ್ತಾ?"

ಹಿಮಬಿಂದು ಏನೋ ಹೇಳಿ ಫೋನ್ ಇಟ್ಟಳು. ಇನ್ನೂ ಐದು ಮನೆಗೆ ಫೋನ್ ಮಾಡಿದಳು. ಎಲ್ಲರದೂ ಅದೇ ರಾಗ. ದೊಡ್ಡವರ ಮನಸ್ಸು ನೋಯಿಸಬಾರದೆಂದು ಇಡೀ ವಂಶ ಒಟ್ಟಾಗಿ ಸುಳ್ಳು ಹೇಳಿತ್ತು. ಒಬ್ಬರು, ಒಬ್ಬರೇ ಒಬ್ಬರು ನಿಜ ಹೇಳಿದ್ದರೆ ಅಪ್ಪ ಒಂದು ಮಧ್ಯಾಹ್ನದಲ್ಲಿ ಸರಿಮಾಡಿಬಿಡುತ್ತಿದ್ದರು. ಆ ಒಬ್ಬರು ಆಗಬೇಕಾಗಿದ್ದವಳು ತಾನೇ.

ಅಂಗಡಿಯವನು ಒಂದು ವರ್ಷದ ಹಿಂದಿನ ಕಂಪ್ಯೂಟರನ್ನು ನೆನಪಿಸಿಕೊಳ್ಳಲೇ ಹೊತ್ತು ತೆಗೆದುಕೊಂಡ. ಡಿಸ್ಕ್ ಪೂರ್ತಿ ಅಳಿಸಿ, ಬೇರೆ ಯಂತ್ರಕ್ಕೆ ಹಾಕಿ ಮಾರಿಯಾಗಿದೆ, ಅಳಿಸಲು ಹೇಳಿದ್ದು ತಾವೇ ಅಲ್ಲವೇ ಮೇಡಂ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಇತ್ತ ಬಾಲಚಂದ್ರ ದಿನಾ ಫೋನ್ ಮಾಡತೊಡಗಿದರು. ಹೊಸ ಸೈಟಿನ ಲಿಂಕ್ ಕಳಿಸು, ನನಗೆ ಕಾಣದಿದ್ದರೇನು, ನಿಮ್ಮಮ್ಮ ನೋಡಿ ಹೇಳುತ್ತಾಳೆ ಎಂದು. ಇವತ್ತು ನಾಳೆ ಎಂದು ಹತ್ತು ದಿನ ತಳ್ಳಿದಳು. ಆಮೇಲೆ, ಫೋಟೋ ಇನ್ನೂ ಏರಿಸಿಲ್ಲ, ಬರಹ ಮಾತ್ರ ಇದೆ ಎಂದು ಹೇಳಿ ಲಿಂಕ್ ಕಳಿಸಿದಳು. ಅರ್ಧ ಗಂಟೆಗೆ ಅಮ್ಮನ ಫೋನ್ ಬಂತು. ಪಿಸುದನಿ.

"ಹಿಮಾ, ಫಣಿ ಪೇಜಲ್ಲಿ ಯಾರೋ ಬೇರೆ ಪಿಲ್ಲಾಡು ಇದಾನೆ. ಬಿಳೀ ಹುಡುಗ, ತಲೆ ಮೇಲೆ ಹುಲ್ಲಿನ ಟೋಪಿ. ಯಾರೇ ಅವನು?"

ಬಿಲ್ಡರ್ ಪ್ರತಿ ಪುಟದಲ್ಲೂ ತನ್ನದೊಂದು ಮಾದರಿ ಚಿತ್ರ ಹಾಕಿ ಕೊಡುತ್ತದೆ, ನಮ್ಮದನ್ನು ಹಾಕುವ ತನಕ ಅದೇ ಇರುತ್ತದೆ. ಹಿಮಬಿಂದು ಉಳಿದೆಲ್ಲ ಪುಟಗಳಲ್ಲೂ ಅದನ್ನು ತೆಗೆದು, ಹದಿನೇಳನೆಯದನ್ನು ಮುಟ್ಟಲು ಮನಸ್ಸು ಬಾರದೆ ಹಾಗೇ ಬಿಟ್ಟಿದ್ದಳು. "ಅಮ್ಮಾ, ಶನಿವಾರ ನಾನೇ ಬರ್ತೀನಿ" ಎಂದಷ್ಟೇ ಹೇಳಿದಳು. ಆ ಕ್ಷಣವೇ ಕೂತು ಆ ಹುಡುಗನನ್ನು ಅಳಿಸಿದಳು. ಅವನ ಜಾಗದಲ್ಲಿ ಬೂದು ಬಣ್ಣದ ಚೌಕವೊಂದು ಉಳಿಯಿತು.

ಶನಿವಾರ ಬೆಳಗಿನ ರತ್ನಾಚಲ್ ರೈಲು ಹಿಡಿದು ಮಧ್ಯಾಹ್ನ ಮನೆ ತಲುಪಿದಳು. ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿಕೊಂಡಿದ್ದಳು. ಅಡುಗೆಮನೆಯಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತ ಕೂತಿದ್ದ ಅಮ್ಮನನ್ನು ಕಂಡಾಗ ಅದೆಲ್ಲ ಎಲ್ಲಿ ಹೋಯಿತೋ. ನೆಲದ ಮೇಲೆ ಕೂತು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿಬಿಟ್ಟಳು. ಫೋಟೋ ಇಲ್ಲ, ಎಲ್ಲೂ ಇಲ್ಲ, ಇದ್ದ ಒಂದನ್ನು ಅಳಿಸಿದ್ದು ನಾನೇ.

ಸೀತಾಮಹಾಲಕ್ಷ್ಮಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಅಂಗಡಿಯಲ್ಲಿ ಕೇಳಿದೆಯಾ, ತುಮಕೂರಿನವರನ್ನು ಕೇಳಿದೆಯಾ ಎಂದು ವಿಚಾರಿಸಿದರು. ಕಟ್ಟು ಮುಗಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಅವನ ಮುಖ ನನಗೆ ಸರಿಯಾಗಿ ನೆನಪಾಗಲ್ಲ ಹಿಮಾ. ಯಾರಿಗೂ ಹೇಳಿಲ್ಲ ಇದನ್ನ. ಹೆತ್ತವಳಿಗೆ ಮುಖ ಮರೀತಿದೆ ಅಂದ್ರೆ ಜನ ಏನಂತಾರೆ? ಫೋಟೋ ನೋಡಿದ್ರೆ ಮತ್ತೆ ಒಂದು ತಿಂಗಳು ನಿಲ್ತಿತ್ತು. ಅದಕ್ಕೇ ಕೇಳ್ತಿದ್ದೆ."

ಹಿಮಬಿಂದು ಅಮ್ಮನ ಮೊಣಕಾಲಿಗೆ ತಲೆಯಿಟ್ಟು ಅತ್ತಳು. ತಾಯಿ ಅವಳ ತಲೆ ಸವರಿದರು. ಆಮೇಲೆ ದನಿ ತಗ್ಗಿಸಿ, "ನಾನ್ನಗೆ ಹೇಳಬೇಡ. ಅವರಿಗೆ ಕಣ್ಣು ಹೇಗೂ ಇಲ್ಲ. ಎಲ್ಲರೂ ನೋಡಿದ್ರು ಅಂತಲೇ ಇದ್ದುಬಿಡಲಿ. ಫೋಟೋ ಹಾಕಿದೀಯ ಅಂತ ಹೇಳಿ ನಾನು ನೋಡ್ಕೋತೀನಿ" ಎಂದು ಎದ್ದು ಮುಖ ತೊಳೆದುಕೊಂಡರು.

ಊಟವಾಯಿತು. ಬಾಲಚಂದ್ರ ನಡುಮನೆಯ ಈಸಿ ಚೇರಿನಲ್ಲಿ ಕೂತು, ಮಗಳು ಬಂದ ಸಂಭ್ರಮದಲ್ಲಿ ಎರಡು ಸಲ ಕನ್ನಡಕ ಒರೆಸಿದರು. ಕನ್ನಡಕದಿಂದ ಅವರಿಗೆ ಏನೂ ಪ್ರಯೋಜನವಿರಲಿಲ್ಲ, ಅಭ್ಯಾಸ.

"ಸೀತಾ, ಟ್ಯಾಬ್ ತಗೊಂಡ್ ಬಾ. ಹದಿನೇಳು ತೆಗಿ. ಹಿಮಾ ಫೋಟೋ ಹಾಕಿದಾಳಲ್ಲ, ಹೇಗೆ ಬಂದಿದಾನೆ ಹೇಳು."

ಸೀತಾಮಹಾಲಕ್ಷ್ಮಿ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡರು. ಬೂದು ಚೌಕದ ಬೆಳಕು ಅವರ ಗಲ್ಲದ ಮೇಲೆ ಬಿತ್ತು.

"ಚೆನ್ನಾಗಿ ಬಂದಿದಾನಂಡೀ. ಮೊದಲಿಗಿಂತ ದೊಡ್ಡದಾಗಿದೆ."

"ನಗ್ತಾ ಇದಾನಾ?"

"ನಗ್ತಾ ಇದಾನೆ. ನಮ್ಮಮ್ಮ ಹೊಲಿಸಿದ್ದಳಲ್ಲ, ಆ ಕೆಂಪಂಗಿ ಹಾಕಿದಾನೆ. ಮೇಲಿನ ಗುಂಡಿ ಕಿತ್ತಿದೆ. ಎಷ್ಟು ಕೆಂಪಗೆ ಕಾಣ್ತಿದೆ ಗೊತ್ತಾ, ಈಗ ತಾನೇ ಒಗೆದು ಹಾಕಿದ ಹಾಗೆ."

ಹಿಮಬಿಂದು ತಲೆಯೆತ್ತಿ ಅಮ್ಮನನ್ನು ನೋಡಿದಳು. ಆ ಫೋಟೋ ಕಪ್ಪು ಬಿಳುಪಿನದು. ಆ ಮನೆಗೆ ಬಣ್ಣದ ಫೋಟೋ ಬಂದದ್ದೇ ಅವಳು ಹುಟ್ಟಿದ ಮೇಲೆ. ಅಮ್ಮ ಫೋಟೋ ನೆನಪಿಸಿಕೊಳ್ಳಲು ಹೋಗಿ ಮಗುವನ್ನು ನೆನಪಿಸಿಕೊಂಡಿದ್ದರು.

ಬಾಲಚಂದ್ರ ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಬೀದಿಯಲ್ಲಿ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡಲು ಒದೆಯುತ್ತಿದ್ದರು, ಅದು ಹತ್ತುವ ತನಕ ಕಾದರು.

"ಕೆಂಪು" ಎಂದರು. "ಹೌದಲ್ಲ, ಕೆಂಪೇ. ನನಗೆ ಮರೆತೇ ಹೋಗಿತ್ತು ಸೀತಾ."

ಆಮೇಲೆ ಮಗಳಿದ್ದ ಕಡೆಗೆ ಮುಖ ತಿರುಗಿಸಿದರು.

"ಹಿಮಾ, ಫೋಟೋ ಯಾವಾಗಿಂದ ಇಲ್ಲ?"

"ಮೊದಲಿಂದ್ಲೂ ಇರಲಿಲ್ಲ ನಾನ್ನಾ. ಒಂದೂ ಹೋಗೇ ಇರಲಿಲ್ಲ. ನಿಮ್ಮ ಕಂಪ್ಯೂಟರಲ್ಲಿ ಮಾತ್ರ ಇದ್ದವು."

ಅವರು ತಲೆಯಾಡಿಸಿದರು. ಲೆಕ್ಕ ತಪ್ಪಿದ ನಕ್ಷೆಯನ್ನು ಮನಸ್ಸಿನಲ್ಲೇ ಒಂದೊಂದು ಗೆರೆಯಾಗಿ ಹಿಂದಕ್ಕೆ ಓದುತ್ತಿದ್ದರೇನೋ, ತುಟಿ ಅಲುಗುತ್ತಿತ್ತು. ಕೊನೆಗೆ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದ್ದನ್ನು ಕೇಳುವವರ ಹಾಗೆ ಕೇಳಿದರು.

"ನೀನು ಪ್ರತಿ ಭಾನುವಾರ ನೋಡ್ದೆ ಅಂತಿದ್ದೆಯಲ್ಲ ಕಂದಾ?"

"ನೋಡಿರಲಿಲ್ಲ, ನಾನ್ನಾ. ಒಂದು ಸಲಾನೂ."

ಬೈದರೆ ಸಾಕು ಎಂದು ಅವಳು ತಲೆ ತಗ್ಗಿಸಿ ಕಾದಳು. ಒಂದು ಏಟು ಹಾಕಿದ್ದರೂ ಅವಳಿಗೆ ಹಗುರಾಗುತ್ತಿತ್ತು. ಬಾಲಚಂದ್ರ ಕೈ ಚಾಚಿ, ತಡಕಾಡಿ, ಹೆಂಡತಿಯ ಮೊಣಕೈ ಹಿಡಿದರು.

"ಸೀತಾ, ಚಡ್ಡಿ ಯಾವ ಬಣ್ಣದ್ದು?"

"ನೀಲಿ" ಎಂದರು ಸೀತಾಮಹಾಲಕ್ಷ್ಮಿ. ಟ್ಯಾಬನ್ನು ಮಗುಚಿ ಪಕ್ಕಕ್ಕಿಟ್ಟು, ಅವನ ಚಪ್ಪಲಿಯ ವಿಷಯ ಹೇಳತೊಡಗಿದರು. ಇಬ್ಬರೂ ಹಿಮಬಿಂದುವಿನ ಕಡೆ ತಿರುಗಲಿಲ್ಲ.